ಕೇಳಿದ್ದೊಂದು, ಅಳೆದದ್ದು ಇನ್ನೊಂದು

ಶಿರೂರಿನ ಗುಡ್ಡ, ಕೈಗಾದ ನೀರಿನ ಕೂಲರ್, ಕಾರವಾರದ ಕಡಲ ಮಟ್ಟ, ಅಂಗೈಯಲ್ಲಿ ಏಳುವ ತೆಂಗಿನಕಾಯಿ. ಒಂದು ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ಕರಾವಳಿಯ ಈ ನಾಲ್ಕು ಪಾಠಗಳೇ ಸಾಕು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66, ಅದರ ಅಂಚಿನ ಚಹಾ ಅಂಗಡಿ, ಅಲ್ಲಿ ನಿಲ್ಲಿಸಿದ್ದ ವಾಹನಗಳು, ಎಲ್ಲವನ್ನೂ ತಳ್ಳಿಕೊಂಡು ಮಣ್ಣು ಗಂಗಾವಳಿ ನದಿಗಿಳಿಯಿತು. ಆ ರಭಸಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೆ ಬಿತ್ತು. ಹನ್ನೊಂದು ಜನರನ್ನು ಬಲಿ ತೆಗೆದುಕೊಂಡ ದುರಂತವದು. ಜೋಯಿಡಾ ಕಡೆಯಿಂದ ಮರದ ದಿಮ್ಮಿ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದು ಚಾಲಕನ ಸಮೇತ ಕಾಣೆಯಾಯಿತು. ಅದು ಸಿಕ್ಕಿದ್ದು ಸೆಪ್ಟೆಂಬರ್ 25ರಂದು.

ಈ ನಡುವಿನ ಎರಡು ತಿಂಗಳಿಗೂ ಹೆಚ್ಚಿನ ಹುಡುಕಾಟವನ್ನು ಎರಡು ರಾಜ್ಯಗಳ ಜನ ಟಿ.ವಿ.ಯಲ್ಲಿ ಕಣ್ಣಿಟ್ಟು ನೋಡಿದರು. ಆಡಳಿತದ ವೇಗ ಸಾಲದೆಂಬ ದೂರು, ರಾಜಕೀಯದ ಕೆಸರೆರಚಾಟ ಎಲ್ಲವೂ ಆದವು. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಅಲ್ಲಿ ಬೇರೆಯದೇ ಪಾಠವಿತ್ತು. ದಿನಕ್ಕೊಂದು ಉಪಕರಣ ಬಂತು. ಪ್ರತಿಯೊಂದೂ ಏನನ್ನೋ ತೋರಿಸಿತು. ತೋರಿಸಿದ್ದನ್ನು ಜನ ಲಾರಿ ಎಂದೇ ಓದಿಕೊಂಡರು.

ಮೊದಲು ಬಂದದ್ದು ಜಿಪಿಎಸ್ ಮಾತು. ಲಾರಿ ಕೊನೆಯದಾಗಿ ಕಾಣಿಸಿದ್ದು ಕುಸಿತದ ಜಾಗದಲ್ಲೇ, ಆದ್ದರಿಂದ ಅದು ರಸ್ತೆಯ ಮೇಲಿನ ಮಣ್ಣಿನಡಿಯೇ ಇದೆ ಎಂಬ ವಾದ ಗಟ್ಟಿಯಾಯಿತು. ಚಾಲಕನ ಫೋನು ರಿಂಗಾಯಿತೆಂಬ ಸುದ್ದಿ ಆ ನಂಬಿಕೆಗೆ ಇನ್ನಷ್ಟು ಬಲ ಕೊಟ್ಟಿತು. ಉಪಗ್ರಹದಿಂದ ಬರುವ ಸಂಕೇತ ಬಲು ಕ್ಷೀಣ. ಕಾರವಾರ–ಬಿಣಗಾ ನಡುವಿನ ಹೆದ್ದಾರಿ ಸುರಂಗ ಹೊಕ್ಕರೆ ಸಾಕು, ಫೋನಿನ ನಕ್ಷೆ ತಬ್ಬಿಬ್ಬಾಗುತ್ತದೆ. ಹಲವು ಮೀಟರ್ ಒದ್ದೆ ಮಣ್ಣಿನ ಕೆಳಗೆ ಅದು ಕೆಲಸ ಮಾಡುವ ಮಾತೇ ಇಲ್ಲ. ‘ಗುಡ್ಡ ಬೀಳುವ ಮುಂಚೆ ಲಾರಿ ಎಲ್ಲಿತ್ತು?’ ಎಂದು ಕೇಳಿದ್ದರೆ ಜಿಪಿಎಸ್ ಕೊಟ್ಟದ್ದು ಸರಿಯುತ್ತರ. ಜನ ಕೇಳಿದ್ದು ‘ಈಗ ಎಲ್ಲಿದೆ?’ ಎಂದು. ಆ ಪ್ರಶ್ನೆ ಜಿಪಿಎಸ್‌ನ ವ್ಯಾಪ್ತಿಯಲ್ಲೇ ಇರಲಿಲ್ಲ.

ಆಮೇಲೆ ಸುರತ್ಕಲ್ಲಿನ ಎನ್‌ಐಟಿಕೆ ತಂಡ ನೆಲ ಭೇದಿಸಿ ನೋಡುವ ರಾಡಾರ್ ತಂದಿತು. ನೆಲದೊಳಕ್ಕೆ ರೇಡಿಯೊ ಅಲೆ ಕಳಿಸಿ ಮರಳಿ ಬಂದದ್ದನ್ನು ಓದುವ ಯಂತ್ರವದು. ಒಣಮರಳಿನಲ್ಲಿ ಅದರ ನೋಟ ಆಳಕ್ಕೆ ಹೋಗುತ್ತದೆ. ನೀರು ಕುಡಿದ ಜೇಡಿಮಣ್ಣಿನಲ್ಲಿ ಅಲೆ ಒಂದೆರಡು ಮೀಟರಿನಲ್ಲೇ ಇಂಗಿಹೋಗುತ್ತದೆ. ಶಿರೂರಿನಲ್ಲಿ ಬಿದ್ದಿದ್ದು ಜುಲೈ ಮಳೆಯಲ್ಲಿ ನೆನೆದ ಕೆಂಪು ಮಣ್ಣು. ಇನ್ನೊಂದು ಸಂಗತಿಯೂ ಇದೆ. ಆ ರಾಡಾರ್ ಲಾರಿಯನ್ನು ಗುರುತಿಸುವುದಿಲ್ಲ. ಮಣ್ಣಿನ ವಿದ್ಯುತ್ ಗುಣ ಎಲ್ಲಿ ಥಟ್ಟನೆ ಬದಲಾಗುತ್ತದೋ ಅಲ್ಲಿ ಅಲೆ ಮರಳುತ್ತದೆ. ಕಬ್ಬಿಣವಿದ್ದರೂ ಮರಳುತ್ತದೆ, ಬಂಡೆಯಿದ್ದರೂ, ನೀರು ತುಂಬಿದ ಪೊಳ್ಳಿದ್ದರೂ. ಸಂಕೇತ ಸಿಕ್ಕಿತೆಂದ ಕಡೆ ಅಗೆದರು, ಲಾರಿ ಸಿಗಲಿಲ್ಲ. ಜುಲೈ 22ರ ಹೊತ್ತಿಗೆ ರಸ್ತೆಯ ಮೇಲಿನ ಮಣ್ಣು ಬಹುಪಾಲು ತೆರವಾಗಿತ್ತು, ಸೇನೆಯವರೂ ಬಂದು ನೋಡಿಯಾಗಿತ್ತು. ನೆಲದ ಮೇಲೆ ಲಾರಿ ಇಲ್ಲ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಹುಡುಕಾಟ ನದಿಗಿಳಿಯಿತು. ಸೋನಾರ್ ಬಂತು. ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ತಂಡ ಡ್ರೋನ್‌ಗೆ ಕಟ್ಟಿದ ಶೋಧಕವನ್ನು ನದಿಯ ಮೇಲೆ ಹಾರಿಸಿ ನೋಡಿತು. ನೀರಿನಡಿ ಲೋಹವಿರುವ ಕೆಲವು ಬಿಂದುಗಳು ಗುರುತಾದವು. ಇಲ್ಲಿ ಒಂದು ಸೂಕ್ಷ್ಮವಿತ್ತು. ಗುಡ್ಡ ನದಿಗೆ ತಳ್ಳಿದ್ದು ಒಂದೇ ಲಾರಿಯನ್ನಲ್ಲ. ಹೆದ್ದಾರಿಯ ಕಬ್ಬಿಣದ ತಡೆಗಂಬಿ, ವಿದ್ಯುತ್ ಗೋಪುರದ ಭಾಗ, ಟ್ಯಾಂಕರಿನ ಅವಶೇಷ ಎಲ್ಲವೂ ಅದೇ ನೀರಿನಲ್ಲಿದ್ದವು. ಲೋಹಶೋಧಕಕ್ಕೆ ಇವೆಲ್ಲ ಒಂದೇ. ಸೆಪ್ಟೆಂಬರಿನಲ್ಲಿ ಗೋವಾದಿಂದ ಡ್ರೆಜ್ಜರ್ ಬಂದು ಹೂಳೆತ್ತತೊಡಗಿದಾಗ ಮೊದಮೊದಲು ಮೇಲೆ ಬಂದ ಬಿಡಿಭಾಗಗಳು ಬೇರೆ ವಾಹನದವಾಗಿದ್ದವು. ಕೊನೆಗೆ, ಗುರುತಿಸಿದ್ದ ಬಿಂದುಗಳಲ್ಲಿ ಒಂದರ ಸಮೀಪ, ಸುಮಾರು 12 ಮೀಟರ್ ಆಳದಲ್ಲಿ ಲಾರಿ ಸಿಕ್ಕಿತು. ಕ್ಯಾಬಿನ್ನಿನಲ್ಲಿ ಚಾಲಕನ ದೇಹವಿತ್ತು. ಅಷ್ಟಾದರೂ ಕುಟುಂಬಕ್ಕೆ ಒಪ್ಪಿಸುವ ಮುನ್ನ ಡಿಎನ್‌ಎ ಪರೀಕ್ಷೆ ನಡೆಯಿತು. ‘ಇವರು ಅವರೇನಾ?’ ಎಂಬ ನೇರ ಪ್ರಶ್ನೆಗೆ ನೇರ ಉತ್ತರ ಕೊಡುವ ಪರೀಕ್ಷೆ ಆ ಸರಣಿಯಲ್ಲಿ ಅದೊಂದೇ.

ಮೂರು ಬೇರೆ ಬೇರೆ ಪ್ರಶ್ನೆ

ಯಾವುದೇ ಪ್ರಯೋಗದ ಮುಂದೆ ವಿಜ್ಞಾನಿಗಳು ಮೂರು ಪ್ರಶ್ನೆ ಇಡುತ್ತಾರೆ. ನಾವು ತಿಳಿಯಬೇಕೆಂದಿರುವುದನ್ನೇ ಇದು ಅಳೆಯುತ್ತಿದೆಯೇ? ಇದು ಸಿಂಧುತ್ವದ ಪ್ರಶ್ನೆ. ಮತ್ತೆ ಮಾಡಿದರೆ, ಬೇರೆಯವರು ಮಾಡಿದರೆ, ಅದೇ ಫಲ ಬರುತ್ತದೆಯೇ? ಇದು ವಿಶ್ವಾಸಾರ್ಹತೆ. ಬಂದ ಅಂಕಿ ನಿಜವಾದ ಬೆಲೆಗೆ ಎಷ್ಟು ಹತ್ತಿರ? ಇದು ನಿಖರತೆ. ಒಂದರಲ್ಲಿ ಪಾಸಾದರೆ ಉಳಿದೆರಡರಲ್ಲೂ ಪಾಸಾದಂತಲ್ಲ. ಪ್ರತಿಸಲವೂ ನೂರು ಗ್ರಾಂ ಹೆಚ್ಚು ತೋರಿಸುವ ಮೀನು ಮಾರುಕಟ್ಟೆಯ ತಕ್ಕಡಿಯನ್ನು ನೆನೆಯಿರಿ. ಹತ್ತು ಸಲ ತೂಗಿದರೂ ಬಂಗುಡೆಯ ತೂಕ ಒಂದೇ ಬರುತ್ತದೆ, ಹತ್ತು ಸಲವೂ ತಪ್ಪೇ. ಇನ್ನು ತಕ್ಕಡಿ ಎಷ್ಟೇ ಸರಿಯಿದ್ದರೂ ಬಂಗುಡೆ ತಾಜಾ ಇದೆಯೇ ಎಂಬುದನ್ನು ಅದು ಹೇಳಲಾರದು.

ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ಒಂದೇ ಅಳತೆಯನ್ನು ಮೂರು ಸಲ ತೆಗೆದು ಸರಾಸರಿ ಬರೆಯುತ್ತಾರೆ. ಮೂರೂ ಹತ್ತಿರ ಬಂದರೆ ಪ್ರಯೋಗ ಸರಿಯಾಯಿತೆಂದು ಸಮಾಧಾನ. ದೊಡ್ಡವರ ಎಡವಟ್ಟುಗಳು ಹುಟ್ಟುವುದೂ ಇದೇ ಸಮಾಧಾನದಿಂದ.

ಗೈಗರ್ ಕೌಂಟರಿಗೆ ಕಾಣದ್ದು

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. 2009ರ ನವೆಂಬರಿನಲ್ಲಿ ಅಲ್ಲಿನ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ವಿಕಿರಣಶೀಲ ಟ್ರಿಟಿಯಂ ಪ್ರಮಾಣ ಮಾಮೂಲಿಗಿಂತ ಹೆಚ್ಚು ಕಂಡಿತು. ಅದು ಸಿಕ್ಕಿದ್ದು ನಿಯತವಾಗಿ ನಡೆಯುವ ಮೂತ್ರ ಪರೀಕ್ಷೆಯಲ್ಲಿ. ಬೇರಾವ ಉಪಕರಣಕ್ಕೂ ಅದನ್ನು ಹಿಡಿಯುವುದು ಕಷ್ಟವಿತ್ತು.

ಕೈಗಾದ ರಿಯಾಕ್ಟರುಗಳಲ್ಲಿ ಭಾರಜಲ ಬಳಕೆಯಾಗುತ್ತದೆ. ಭಾರಜಲದಲ್ಲಿರುವ ಡ್ಯೂಟೀರಿಯಂ ನ್ಯೂಟ್ರಾನನ್ನು ಹೀರಿಕೊಂಡಾಗ ಟ್ರಿಟಿಯಂ ಹುಟ್ಟುತ್ತದೆ. ಇದರ ಅರ್ಧಾಯುಷ್ಯ ಸುಮಾರು 12.3 ವರ್ಷ. ಇದು ಸೂಸುವ ಬೀಟಾ ಕಣ ಎಷ್ಟು ದುರ್ಬಲವೆಂದರೆ ಚರ್ಮದ ಮೇಲ್ಪದರವನ್ನೂ ದಾಟಲಾರದು. ಸಿನಿಮಾದಲ್ಲಿ ಟಕಟಕ ಸದ್ದು ಮಾಡುವ ಗೈಗರ್ ಕೌಂಟರ್ ಇದರ ಮುಂದೆ ಮೌನ. ಕೆಲಸಗಾರರು ಎದೆಗೆ ಸಿಕ್ಕಿಸಿಕೊಳ್ಳುವ ವಿಕಿರಣಮಾಪಕ ಬ್ಯಾಡ್ಜಿಗೂ ಇದು ದಕ್ಕದು. ಆದರೆ ನೀರಿನ ರೂಪದಲ್ಲಿ ಹೊಟ್ಟೆ ಸೇರಿದರೆ ಟ್ರಿಟಿಯಂ ಮೈಯೆಲ್ಲ ಹರಡುತ್ತದೆ. ಹಿಡಿಯಬೇಕೆಂದರೆ ಮೂತ್ರದ ಮಾದರಿಯನ್ನು ಮಿನುಗುವ ರಾಸಾಯನಿಕ ದ್ರವದಲ್ಲಿ ಬೆರೆಸಿ, ಕತ್ತಲ ಪೆಟ್ಟಿಗೆಯಲ್ಲಿಟ್ಟು, ಹೊಮ್ಮುವ ಬೆಳಕಿನ ಕಿಡಿಗಳನ್ನು ಎಣಿಸಬೇಕು.

ಅಂದು ಯಾರಾದರೂ ಆ ಕೆಲಸಗಾರರ ಮೈಮೇಲೆ ಗೈಗರ್ ಕೌಂಟರ್ ಆಡಿಸಿ ‘ಏನೂ ಇಲ್ಲ’ ಎಂದಿದ್ದರೆ? ನೂರು ಸಲ ಆಡಿಸಿದರೂ ಫಲ ಒಂದೇ. ವಿಶ್ವಾಸಾರ್ಹತೆಗೆ ಪೂರ್ಣ ಅಂಕ, ಸಿಂಧುತ್ವಕ್ಕೆ ಸೊನ್ನೆ.

ಮೂಲ ಹುಡುಕಿದ ರೀತಿಯೂ ಗಮನಿಸುವಂಥದ್ದು. ಭಾರಜಲ ಸೋರಿದ್ದರೆ ಘಟಕದ ಗಾಳಿಯಲ್ಲಿ ಟ್ರಿಟಿಯಂ ಏರಬೇಕಿತ್ತು, ಏರಿರಲಿಲ್ಲ. ಹಾಗಾದರೆ ಬಾಯಿಂದ ಹೋಗಿರಬೇಕು. ಒಂದೊಂದನ್ನೇ ಕೈಬಿಡುತ್ತ ಬಂದಾಗ ಕುಡಿಯುವ ನೀರಿನ ಒಂದು ಕೂಲರ್ ಉಳಿಯಿತು. ಅದರ ನೀರಿನಲ್ಲಿ ಟ್ರಿಟಿಯಂ ಇತ್ತು. ಒಳಗಿನವರೇ ಯಾರೋ ಬೆರೆಸಿರಬಹುದೆಂದು ಆಗಿನ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಶಂಕೆ ವ್ಯಕ್ತಪಡಿಸಿದ್ದರು.

ಕೈಗಾ ಸುತ್ತ ಇನ್ನೊಂದು ಮಾತು ವರ್ಷಗಳಿಂದ ಇದೆ. ಸುತ್ತಲ ಊರುಗಳಲ್ಲಿ ಕ್ಯಾನ್ಸರ್ ಹೆಚ್ಚಿದೆ ಎಂಬುದು ಊರವರ ಅಳಲು. ವಿಕಿರಣ ಮಿತಿಯೊಳಗೇ ಇದೆ, ಅದರಿಂದ ಏನೂ ಆಗಿಲ್ಲ ಎಂಬುದು ಅಣು ವಿದ್ಯುತ್ ನಿಗಮದವರ ನಿಲುವು. 5 ಮತ್ತು 6ನೇ ಘಟಕಗಳ ಪ್ರಸ್ತಾವದ ಸಾರ್ವಜನಿಕ ಅಹವಾಲಿನಲ್ಲೂ ಈ ಆತಂಕ ಕೇಳಿಬಂತು. ಗಮನಿಸಬೇಕಾದ್ದೇನೆಂದರೆ ‘ಹೆಚ್ಚಿದೆ’ ಎಂಬಂತೆಯೇ ‘ಏನೂ ಆಗಿಲ್ಲ’ ಎಂಬುದೂ ಪರೀಕ್ಷೆಗೆ ಒಳಪಡಬೇಕಾದ ಹೇಳಿಕೆಯೇ.

ಇದನ್ನು ಪರೀಕ್ಷಿಸುವುದು ಟ್ರಿಟಿಯಂ ಹಿಡಿದಷ್ಟು ಸುಲಭವಲ್ಲ. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ನೂರು ಮಂದಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಗುತ್ತದೆ. ಆ ಲೆಕ್ಕದಲ್ಲಿ ಎರಡು ಸಾವಿರ ಜನರ ಒಂದು ಹಳ್ಳಿಯಲ್ಲಿ ವರ್ಷಕ್ಕೆ ಎರಡು. ಆದರೆ ಆಕಸ್ಮಿಕವಾಗಿಯೇ ಐದು ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸಂಭವ ಶೇ 5ರಷ್ಟಿದೆ. ಅಂದರೆ ಅಂಥ ಇಪ್ಪತ್ತು ಹಳ್ಳಿಗಳಿದ್ದರೆ, ಯಾವ ವಿಕಿರಣವೂ ಇಲ್ಲದೆಯೇ, ವರ್ಷಕ್ಕೆ ಒಂದರಲ್ಲಾದರೂ ಐದು ಪ್ರಕರಣ ಬೀಳುವುದು ಸಹಜ. ಆ ಹಳ್ಳಿಯವರಿಗೆ ದುಃಖದ ಮುಂದೆ ಈ ಲೆಕ್ಕ ರುಚಿಸದು. ಇನ್ನೊಂದು ಕಡೆಯಿಂದ ನೋಡಿದರೆ, ಎಣಿಕೆ ಇಷ್ಟು ಚಿಕ್ಕದಿರುವಾಗ ನಿಜವಾದ ಏರಿಕೆಯೂ ಲೆಕ್ಕದೊಳಗೆ ಅಡಗಿ ಕೂರಬಲ್ಲದು. ಸ್ಥಾವರ ಬರುವ ಮುನ್ನ ಎಷ್ಟಿತ್ತು, ವಯಸ್ಸಿನ ಹಂಚಿಕೆ ಏನು, ತಪಾಸಣೆ ಹೆಚ್ಚಿದ್ದರಿಂದ ಪತ್ತೆಯೂ ಹೆಚ್ಚಿತೇ, ದೂರದ ಅಂಥದೇ ಊರುಗಳಲ್ಲಿ ಎಷ್ಟು, ಇವನ್ನೆಲ್ಲ ವರ್ಷಗಟ್ಟಲೆ ಒಂದೇ ಕ್ರಮದಲ್ಲಿ ದಾಖಲಿಸಿದರೆ ಮಾತ್ರ ಯಾವ ಬದಿಯ ಮಾತಿಗೂ ಆಧಾರ ಸಿಗುತ್ತದೆ.

ಆಗಸ್ಟಿನ ಸಮುದ್ರ, ಜನವರಿಯ ಸಮುದ್ರ

ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಜೊತೆ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತಾರೆ. ಯಾವ ಸಮುದ್ರದ ಮಟ್ಟ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದರಲ್ಲಿ ಕಾರವಾರದ ಪಾಲೂ ಇದೆ. 1858ರಿಂದ 1909ರವರೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶದ ಮೊದಲ ಮಟ್ಟಮಾಪನ ಜಾಲವನ್ನು ಕಟ್ಟಿತು. ಅದಕ್ಕೆ ಆಧಾರವಾದ ಒಂಬತ್ತು ಬಂದರುಗಳಲ್ಲಿ ಕರಾಚಿ, ಮುಂಬಯಿ, ಮದರಾಸು, ಕೊಚ್ಚಿಗಳ ಸಾಲಿನಲ್ಲಿ ಕಾರವಾರವೂ ಒಂದು.

ಉಬ್ಬರ–ಇಳಿತ ಅಳೆಯುವ ಹಳೆಯ ಉಪಕರಣ ಸರಳವಾದದ್ದು. ಕಡಲಂಚಿನಲ್ಲೊಂದು ಕಿರಿದಾದ ಬಾವಿ, ಕೆಳಗೆ ಸಮುದ್ರದ ನೀರು ಬರಲು ಚಿಕ್ಕ ಕಂಡಿ. ಕಂಡಿ ಚಿಕ್ಕದಾದ್ದರಿಂದ ಅಲೆಗಳ ಕುಣಿತ ಒಳಗೆ ಬಾರದು, ನಿಧಾನದ ಏರಿಳಿತ ಮಾತ್ರ ಬರುತ್ತದೆ. ಒಳಗೊಂದು ತೇಲುಬುಂಡೆ, ಅದಕ್ಕೆ ಕಟ್ಟಿದ ತಂತಿ, ತಂತಿಯ ತುದಿಗೆ ಪೆನ್ಸಿಲು. ಗಡಿಯಾರದ ಯಂತ್ರದಿಂದ ತಿರುಗುವ ಸಿಲಿಂಡರಿಗೆ ಸುತ್ತಿದ ಕಾಗದದ ಮೇಲೆ ಸಮುದ್ರ ತಾನೇ ಗೆರೆ ಎಳೆಯುತ್ತದೆ. ಅಲೆಯ ಗದ್ದಲ ಕಳೆದು ಬೇಕಾದ್ದನ್ನಷ್ಟೇ ಉಳಿಸುವ ಆ ಕಂಡಿಯೇ ಇಡೀ ಉಪಕರಣದ ಜಾಣ್ಮೆ.

ಈ ಉಪಕರಣವನ್ನು ಆಗಸ್ಟ್ ತಿಂಗಳಿಡೀ ಓಡಿಸಿ, ಗಂಟೆಗೊಂದು ಅಂಕಿ ತೆಗೆದು, ಸರಾಸರಿ ಕಂಡುಹಿಡಿದರು ಎಂದುಕೊಳ್ಳೋಣ. ಏಳುನೂರಕ್ಕೂ ಹೆಚ್ಚು ಅಳತೆಗಳು, ಒಂದರಲ್ಲೂ ಲೋಪವಿಲ್ಲ. ಆದರೂ ಉತ್ತರ ತಪ್ಪು. ಮಳೆಗಾಲದ ಅಬ್ಬರ ಕಂಡವರು ಆಗ ಸಮುದ್ರ ಮೇಲೆದ್ದಿದೆ ಎಂದುಕೊಳ್ಳುತ್ತಾರೆ. ಅಲೆ ಎತ್ತರವೇನೋ ಹೌದು. ಸರಾಸರಿ ಮಟ್ಟ ಮಾತ್ರ ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ತಿಂಗಳುಗಳಲ್ಲೇ ಕೆಳಗಿರುತ್ತದೆ, ಚಳಿಗಾಲದಲ್ಲಿ ಮೇಲಿರುತ್ತದೆ. ಮುಂಗಾರಿನಲ್ಲಿ ಕರಾವಳಿಯ ಗುಂಟ ತೆಂಕಣಕ್ಕೆ ಹರಿಯುವ ಪ್ರವಾಹ, ದಡದ ಹತ್ತಿರ ತಳದಿಂದ ಮೇಲೇಳುವ ತಣ್ಣನೆಯ ಭಾರದ ನೀರು ಇದಕ್ಕೆ ಕಾರಣ. ವರ್ಷದ ಎಲ್ಲ ತಿಂಗಳು ಅಳೆದರೂ ಸಾಲದು, ಚಂದ್ರನ ಕಕ್ಷೆಯ ಓಲಾಟದ ಒಂದು ಆವರ್ತಕ್ಕೆ 18.6 ವರ್ಷ ಬೇಕು. ಉಬ್ಬರದ ಎತ್ತರ ಆ ಆವರ್ತದೊಡನೆ ಹಿಗ್ಗಿ ಕುಗ್ಗುತ್ತದೆ.

ಮೊದಲ ಜಾಲ ಕಟ್ಟಿದವರ ಎಚ್ಚರಕ್ಕೆ ಕೊರತೆ ಇರಲಿಲ್ಲ. ಆದರೆ ಅವರ ಲೆಕ್ಕದ ತಳದಲ್ಲಿ ಒಂದು ಗ್ರಹಿಕೆ ಇತ್ತು. ಒಂಬತ್ತು ಬಂದರುಗಳ ಸರಾಸರಿ ಸಮುದ್ರ ಮಟ್ಟಗಳೂ ಒಂದೇ ಸೊನ್ನೆ ಎಂದು ಅವರು ಹಿಡಿದುಕೊಂಡರು. ಪ್ರವಾಹ, ಗಾಳಿ, ಉಪ್ಪಿನ ಅಂಶ, ಉಷ್ಣತೆಗಳ ವ್ಯತ್ಯಾಸದಿಂದ ಕಡಲಿನ ಸರಾಸರಿ ಮಟ್ಟವೇ ಊರಿಂದೂರಿಗೆ ಏರುಪೇರಾಗಿದೆ ಎಂಬುದು ಆಮೇಲಿನ ತಿಳಿವಳಿಕೆ. ಅಳತೆಯಲ್ಲಿ ತಪ್ಪಿರಲಿಲ್ಲ, ಅಳತೆಯನ್ನು ಓದಿಕೊಂಡ ಬಗೆಯಲ್ಲಿತ್ತು. ಇಂದಿಗೂ ದಡದ ಉಪಕರಣ ‘ನೀರು ಏರಿದೆ’ ಎಂದರೆ ನೀರು ಏರಿದೆಯೋ ನೆಲ ಕುಸಿದಿದೆಯೋ ಎಂದು ಬೇರೆಯದೇ ಉಪಾಯದಿಂದ ತಿಳಿಯಬೇಕು.

ಕಾಯಿ ಎದ್ದು ನಿಂತಾಗ

ಬೇಸಿಗೆ ಬಂತೆಂದರೆ ಕರಾವಳಿಯಲ್ಲಿ ಜಲ ನೋಡುವವರಿಗೆ ಬಿಡುವಿಲ್ಲ. ಬಾವಿಗೋ ಕೊಳವೆಬಾವಿಗೋ ಪಾಯಿಂಟ್ ಮಾಡಿಸಬೇಕು. ಸಿಪ್ಪೆ ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹಿತ್ತಿಲು ಸುತ್ತುತ್ತಾರೆ. ಒಂದೆಡೆ ಕಾಯಿ ಮೆಲ್ಲಗೆ ಎದ್ದು ನೆಟ್ಟಗೆ ನಿಲ್ಲುತ್ತದೆ. ‘ಇಲ್ಲೇ ಹೊಡೀರಿ’ ಎನ್ನುತ್ತಾರೆ. ಹೊಡೆದರೆ ನೀರು ಬರುತ್ತದೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಬೇಕು. ಕಾಯಿ ಏಳುವುದು ಕಣ್ಕಟ್ಟಲ್ಲ, ಹಿಡಿದವರು ಸುಳ್ಳುಗಾರರೂ ಅಲ್ಲ. ನಿರೀಕ್ಷೆ ಇದ್ದಾಗ ಅರಿವಿಲ್ಲದೆಯೇ ಸ್ನಾಯುಗಳು ಸಣ್ಣಗೆ ಮಿಡಿಯುತ್ತವೆ ಎಂಬುದನ್ನು ಬ್ರಿಟನ್ನಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದ. ಉಳಿದ ಪ್ರಶ್ನೆ ಒಂದೇ: ಕಾಯಿ ಏಳದ ಜಾಗದಲ್ಲಿ ಅಗೆದಿದ್ದರೆ ನೀರು ಬರುತ್ತಿರಲಿಲ್ಲವೇ? ಮಳೆ ಹೇರಳವಾಗಿರುವ, ಜಂಬಿಟ್ಟಿಗೆ ಹೊದ್ದ ಕರಾವಳಿಯಲ್ಲಿ ಎಲ್ಲಿ ತೋಡಿದರೂ ಒಂದಿಷ್ಟು ಆಳಕ್ಕೆ ನೀರು ಸಿಗುವ ಜಾಗಗಳೇ ಬಹಳ. ಅಲ್ಲಿ ‘ನೀರು ಬಂತು’ ಎಂಬುದು ಕಾಯಿಯ ಪರೀಕ್ಷೆಯೇ ಅಲ್ಲ. ಕಾಯಿ ಬೇಡವೆಂದ ಜಾಗದಲ್ಲಿ ಯಾರೂ ದುಡ್ಡು ಸುರಿದು ಅಗೆಯುವುದಿಲ್ಲವಾದ್ದರಿಂದ ಸೋಲಿನ ದಾಖಲೆ ಹುಟ್ಟುವುದೂ ಇಲ್ಲ.

1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಆ ದಾಖಲೆ ಹುಟ್ಟುವಂಥ ಪರೀಕ್ಷೆ ನಡೆಯಿತು. ನೆಲದಡಿ ಅರ್ಧ ಮೀಟರ್ ಆಳದಲ್ಲಿ ಪ್ಲಾಸ್ಟಿಕ್ ಪೈಪು ಹೂತರು. ಪೈಪು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ ಈಗ ನೀರು ಹರಿಯುತ್ತಿದೆಯೇ ಇಲ್ಲವೇ, ಅಷ್ಟನ್ನು ಹೇಳಬೇಕು. ಸುಮಾರು ಮೂವತ್ತು ಜಲಶೋಧಕರು ಬಂದರು. ಪರೀಕ್ಷೆ ನ್ಯಾಯವಾಗಿದೆ, ನಾವು ಗೆಲ್ಲುತ್ತೇವೆ ಎಂದು ಮೊದಲೇ ಸಹಿ ಹಾಕಿದರು. ಫಲಿತಾಂಶ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲೇರಲಿಲ್ಲ.

ಅದಕ್ಕೂ ಮುಂಚೆ, 1987–88ರಲ್ಲಿ ಮ್ಯೂನಿಕ್ ಬಳಿಯ ಒಂದು ಕಣಜದಲ್ಲಿ ಇನ್ನೂ ದೊಡ್ಡ ಪ್ರಯೋಗ ಆಗಿತ್ತು. ಸುಮಾರು 500 ಜನರನ್ನು ಜರಡಿ ಹಿಡಿದು 43 ಮಂದಿಯನ್ನು ಆರಿಸಿದರು. ಕೆಳಗಿನ ಅಂತಸ್ತಿನಲ್ಲಿ ಪೈಪು ಹೊತ್ತ ಗಾಡಿ, ಮೇಲಿನ ಅಂತಸ್ತಿನಲ್ಲಿ ಶೋಧಕ. ಒಟ್ಟು 843 ಪರೀಕ್ಷೆ. ಕೆಲವೇ ಕೆಲವರಿಗೆ ನಿಜಕ್ಕೂ ಶಕ್ತಿಯಿದೆ ಎಂದು ಪ್ರಯೋಗ ನಡೆಸಿದವರು ಸಾರಿದರು. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜಿಮ್ ಎನ್‌ರೈಟ್ ಅದೇ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಒಂದು ಸರಣಿಯಲ್ಲಿ ಮಿಂಚಿದವರು ಮುಂದಿನ ಸರಣಿಯಲ್ಲಿ ಮಂಕಾಗಿದ್ದರು. ಇಷ್ಟು ಜನ ಇಷ್ಟು ಸಲ ಪ್ರಯತ್ನಿಸಿದರೆ ಯಾರಿಗಾದರೂ ಅದೃಷ್ಟ ಕುದುರಿಯೇ ಕುದುರುತ್ತದೆ. ಕುದುರಿದವರನ್ನು ಆಮೇಲೆ ಆರಿಸಿ ತೋರಿಸುವುದು ಪರೀಕ್ಷೆಯಾಗದು.

ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಪುಣೆಯಲ್ಲಿ ಜ್ಯೋತಿಷಕ್ಕೆ ಒಡ್ಡಿದ ಪರೀಕ್ಷೆಯಲ್ಲಿ ಈ ಲೋಪಕ್ಕೆ ಎಡೆಯಿರಲಿಲ್ಲ. ಜಾಣ ವಿದ್ಯಾರ್ಥಿಗಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ ತಲಾ 40ರಂತೆ ಜ್ಯೋತಿಷಿಗಳಿಗೆ ಕೊಟ್ಟರು. ಎಷ್ಟು ಸರಿಯಾದರೆ ಗೆದ್ದಂತೆ ಎಂಬುದು ಮೊದಲೇ ನಿಗದಿ. ಉತ್ತರ ಕಳಿಸಿದ 27 ಮಂದಿಯ ಸರಾಸರಿ ಶೇ 46. ಕಣ್ಣುಮುಚ್ಚಿ ಹೇಳಿದ್ದರೂ ಶೇ 50ರ ಆಸುಪಾಸು ಬರುತ್ತಿತ್ತು.

ಕರ್ನಾಟಕದಲ್ಲಿ ಇದೇ ದಾರಿ ಹಿಡಿದವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಪರೀಕ್ಷೆಗೆ ಒಪ್ಪುವಂತೆ ಕೋರಿ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ.

ಕಾರವಾರ, ಅಂಕೋಲಾದ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರು ಮನಸ್ಸು ಮಾಡಿದರೆ ಮಾಡಬಹುದಾದ ಒಂದು ಕೆಲಸವಿದೆ. ಊರಿನ ಎಲ್ಲ ಬಾವಿ, ಕೊಳವೆಬಾವಿಗಳ ಒಂದು ರಿಜಿಸ್ಟರ್. ಯಾವ ವರ್ಷ ತೋಡಿದ್ದು, ಎಷ್ಟು ಆಳ, ಪಾಯಿಂಟ್ ಮಾಡಿಸಿದ್ದೋ ಅಥವಾ ಮನೆಯವರೇ ಅನುಕೂಲ ನೋಡಿ ತೋಡಿಸಿದ್ದೋ, ಏಪ್ರಿಲ್ ಕೊನೆಗೆ ನೀರು ಎಷ್ಟಿರುತ್ತದೆ, ಉಪ್ಪಾಗುತ್ತದೆಯೇ, ಬತ್ತಿ ಮುಚ್ಚಿದ್ದೆಷ್ಟು. ನೀರು ಬಾರದ ಬಾವಿಗಳನ್ನು ಬಿಡದೆ ಬರೆಯಬೇಕು. ಒಂದೇ ಬಾವಿಯನ್ನು ಇಬ್ಬರು ಮಕ್ಕಳು ಪ್ರತ್ಯೇಕವಾಗಿ ಅಳೆಯಬೇಕು, ಅಳೆಯುವ ಹಗ್ಗವನ್ನು ಟೇಪಿನ ಜೊತೆ ತಾಳೆ ನೋಡಬೇಕು. ಪಾಯಿಂಟ್ ಮಾಡಿಸಿದ ಬಾವಿ ಮತ್ತು ಹಾಗೇ ತೋಡಿದ ಬಾವಿಗಳಲ್ಲಿ ಎಷ್ಟು ವ್ಯತ್ಯಾಸವಿದ್ದರೆ ಯಾವ ಮಾತನ್ನು ಒಪ್ಪುತ್ತೇವೆ ಎಂಬುದನ್ನು ಎಣಿಕೆ ಶುರುವಾಗುವ ಮೊದಲೇ ಮೊದಲ ಪುಟದಲ್ಲಿ ಬರೆದಿಡಬೇಕು. ಖರ್ಚೇನೂ ಹೆಚ್ಚಿಲ್ಲ. ಈ ಬೇಸಿಗೆಯಲ್ಲೇ ಶುರುಮಾಡಬಹುದು.